ಬೆರಳಿಗಷ್ಟೇ ಸಿಗುವ ಗೀರು

ಬೆಳಗಿನ ಐದೂ ಕಾಲು. ಐದು ಅಂತಸ್ತಿನ ಕಟ್ಟಡದ ನೆಲಮಾಳಿಗೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಐವತ್ತಾರು ವರ್ಷದ ಹೆಂಗಸೊಬ್ಬರು ಕಣ್ಣು ಮುಚ್ಚಿಕೊಂಡು ಕೂತಿದ್ದಾರೆ. ತೂಕಡಿಸುತ್ತಿಲ್ಲ. ಎಡಗೈಯಲ್ಲಿ ಬೆಂಕಿಪೊಟ್ಟಣದಷ್ಟಗಲದ ಹಿತ್ತಾಳೆಯ ಫಲಕ, ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಚೂರು ಕಾಗದ, ಕಾಗದದ ಮೇಲೆ ಬಲಗೈಯ ತೋರುಬೆರಳು. ಬೆರಳು ಇರುವೆ ನಡೆದಷ್ಟು ನಿಧಾನವಾಗಿ ಸರಿಯುತ್ತಿದೆ. ಒಂದು ಕಡೆ ನಿಲ್ಲುತ್ತದೆ. ತುಸು ಹಿಂದೆ ಬಂದು ಮತ್ತೆ ಅದೇ ದಾರಿಯಲ್ಲಿ ಹೋಗುತ್ತದೆ.

"ಸಿಕ್ಕಿದ ಕಳ್ಳ," ಎಂದು ಕಣ್ಣು ಬಿಡುತ್ತಾರೆ. "ಇಲ್ಲಿದಾನೆ ನೋಡಿ."

ನೋಡುತ್ತೇನೆ. ಏನೂ ಕಾಣುವುದಿಲ್ಲ. ನನ್ನ ಬೆರಳನ್ನೂ ಆಡಿಸುತ್ತೇನೆ. ಸಾಲಾಗಿ ಕೊರೆದ ಗೀರುಗಳು ಸಿಗುತ್ತವೆ, ಕಳ್ಳ ಸಿಗುವುದಿಲ್ಲ. ಅವರು ನಕ್ಕು ಫಲಕವನ್ನು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಆಗ ಕಾಣುತ್ತದೆ: ಒಂದು ಗೀರಿನ ಅಂಚಿನಲ್ಲಿ ಎದ್ದು ನಿಂತ ಲೋಹದ ಒಂದು ಮುಳ್ಳು. ತಲೆಕೂದಲಿನ ದಪ್ಪದಲ್ಲಿ ಹತ್ತನೇ ಒಂದು ಪಾಲೂ ಇಲ್ಲ.

ಈ ಪ್ರಯೋಗಾಲಯದಲ್ಲಿ ಇವರನ್ನು ಎಲ್ಲರೂ ಕರೆಯುವುದು ಗೀರಕ್ಕ ಎಂದು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ಹೊಸದಾಗಿ ಬಂದ ಗುಮಾಸ್ತರೊಬ್ಬರು ಒಮ್ಮೆ ಆ ಹೆಸರು ಹಿಡಿದು ಕೂಗಿದಾಗ ಯಾರೂ ಓಗೊಡಲಿಲ್ಲವಂತೆ. "ಯಾರಪ್ಪಾ ಈಯಮ್ಮ, ಕರೆದ್ರೂ ಬರ್ತಿಲ್ವಲ್ಲ ಅಂತ ನಾನೂ ತಿರುಗಿ ನೋಡ್ತಾ ಇದ್ದೆ," ಎನ್ನುತ್ತಾರೆ ಗೀರಕ್ಕ.

ಇಲ್ಲಿ ನಡೆಯುವುದು ಸ್ಪರ್ಶದ ಅಧ್ಯಯನ. ನಾವು ಒಂದು ವಸ್ತುವನ್ನು ಮುಟ್ಟಿದಾಗ ಬೆರಳಿನ ಚರ್ಮ ಎಷ್ಟು ಬಗ್ಗುತ್ತದೆ, ಯಾವ ಕಡೆಗೆ ಜಗ್ಗುತ್ತದೆ, ಆ ಜಗ್ಗಾಟವನ್ನು ಚರ್ಮದೊಳಗಿನ ನರತುದಿಗಳು ಹೇಗೆ ಹಿಡಿಯುತ್ತವೆ, ಹಿಡಿದದ್ದನ್ನು ಮೆದುಳಿಗೆ ಹೇಗೆ ವರದಿ ಮಾಡುತ್ತವೆ. ಒಂದು ಕೋಣೆಯಲ್ಲಿ ಗಾಜಿನ ಕೆಳಗೆ ಕ್ಯಾಮೆರಾ ಇಟ್ಟು ಬೆರಳ ರೇಖೆಗಳು ಒತ್ತಡಕ್ಕೆ ಹೇಗೆ ಅಗಲವಾಗುತ್ತವೆ ಎಂದು ಅಳೆಯುತ್ತಾರೆ. ಇನ್ನೊಂದು ಕೋಣೆಯಲ್ಲಿ ನರದ ಸಂಕೇತಗಳನ್ನು ಆಲಿಸುತ್ತಾರೆ. ಎರಡೂ ಕೋಣೆಗೆ ಬೇಕಾದದ್ದು ಒಂದೇ: ಮುಟ್ಟುವುದಕ್ಕೆ ಏನಾದರೊಂದು. ಅದು ಹೇಗೆ ಹೇಗೋ ಇರುವ ವಸ್ತುವಾದರೆ ಆಗದು. ಗೀರಿನ ಆಳ, ಅಗಲ, ಒಂದರಿಂದ ಇನ್ನೊಂದಕ್ಕೆ ಇರುವ ಅಂತರ ಎಲ್ಲವೂ ಹೇಳಿದಷ್ಟೇ ಇರಬೇಕು. ಆ ಫಲಕಗಳನ್ನು ಹನ್ನೊಂದು ವರ್ಷದಿಂದ ಗೀರಕ್ಕ ಕೊರೆಯುತ್ತಿದ್ದಾರೆ.

ವಿಜ್ಞಾನವನ್ನು ಅವರು ತಮ್ಮದೇ ರೀತಿಯಲ್ಲಿ ಅರಗಿಸಿಕೊಂಡಿದ್ದಾರೆ. "ಬೆರಳ ತುದೀಲಿ ನಾಲ್ಕು ಜಾತಿ ನರತುದಿ ಇದಾವಂತೆ. ಒಬ್ಬನಿಗೆ ಅಂಚು ಕಂಡ್ರೆ ಆಯ್ತು. ಒಬ್ಬ ಏನಾದ್ರೂ ಜಾರಿದ್ರೆ ಕೂಗ್ತಾನೆ. ಇನ್ನೊಬ್ಬನಿಗೆ ನಡುಕ ಆಗ್ಬಾರದು. ನಾಲ್ಕನೆಯವನು ಚರ್ಮ ಎಳೆದ್ರೆ ಮಾತ್ರ ಎದ್ದು ಕೂರ್ತಾನೆ. ನಾಲ್ಕು ಜನ ಇರೋ ಮನೆ ಅಂದ್ಕೊಳ್ಳಿ. ಒಬ್ಬೊಬ್ಬರದ್ದೂ ಒಂದೊಂದು ದೂರು. ಎಲ್ಲಾ ಕೇಳಿಸ್ಕೊಂಡು ತೀರ್ಮಾನ ಮಾಡೋದು ಮೆದುಳು ಪಾಪ."

ಇಷ್ಟು ಬೇಗ ಬರುವುದಕ್ಕೂ ಕಾರಣವಿದೆ. ಏಳು ಗಂಟೆಗೆ ಲಿಫ್ಟ್ ಶುರುವಾಗುತ್ತದೆ. ಅದು ಮೇಲಕ್ಕೂ ಕೆಳಕ್ಕೂ ಓಡಾಡತೊಡಗಿದರೆ ನೆಲ ಕಂಡೂ ಕಾಣದಷ್ಟು ನಡುಗುತ್ತದೆ. ನಮಗೆ ತಿಳಿಯದ ಆ ನಡುಕ ಗೀರಕ್ಕನ ಬೆರಳಿಗೆ ತಿಳಿಯುತ್ತದೆ. ಅದಕ್ಕೇ ನಾಲ್ಕಕ್ಕೆ ಏಳುತ್ತಾರೆ, ಮೊದಲ ಬಸ್ಸು ಹಿಡಿಯುತ್ತಾರೆ, ಲಿಫ್ಟ್ ಏಳುವ ಮೊದಲು ಹಿಂದಿನ ದಿನದ ಫಲಕವನ್ನು ತಡವಿ ಪಾಸು ಮಾಡುತ್ತಾರೆ, ಇಲ್ಲವೇ ಬುಟ್ಟಿಗೆ ಹಾಕುತ್ತಾರೆ. ಒಂದು ಫಲಕಕ್ಕೆ ಒಂದು ದಿನ. ಒಂದರಲ್ಲಿ ಸಾಮಾನ್ಯವಾಗಿ ನಲವತ್ತು ಗೀರು. ಹತ್ತು ಕೊರೆದರೆ ಮೂರು ಬುಟ್ಟಿಗೆ. ಉಳಿದವು ನಂಬರು ಹಚ್ಚಿಸಿಕೊಂಡು ಮರದ ಕಪಾಟಿನ ಖಾನೆಗಳಲ್ಲಿ ಮಲಗುತ್ತವೆ. ಈವರೆಗೆ ಸಾವಿರದ ಆರುನೂರು ದಾಟಿವೆ.

ಮನೆಯಲ್ಲಿ ಈ ಬೆರಳಿನ ಆರೈಕೆ ಒಂದು ದೊಡ್ಡ ಕತೆ. ಪಾತ್ರೆ ತಿಕ್ಕುವಂತಿಲ್ಲ, ಬಟ್ಟೆ ಉಜ್ಜುವಂತಿಲ್ಲ. ಶಾಲಾ ಬಸ್ಸಿನ ಚಾಲಕರಾಗಿರುವ ಯಜಮಾನರು ಇದನ್ನು ಹೇಳುವಾಗ ಮುಖ ಗಂಭೀರವಾಗಿಯೇ ಇರುತ್ತದೆ: "ಹನ್ನೊಂದು ವರ್ಷದಿಂದ ಪಾತ್ರೆ ನನ್ನ ಪಾಲು. ಕೇಳಿದ್ರೆ ವಿಜ್ಞಾನ ಅಂತಾಳೆ. ವಿಜ್ಞಾನಕ್ಕೆ ನಾನೂ ನನ್ನ ಕೈಲಾದಷ್ಟು ಮಾಡ್ತಿದೀನಿ ಅಂತ ಬರ್ಕೊಳ್ಳಿ." ಒಮ್ಮೆ ತರಕಾರಿ ಹೆಚ್ಚುವಾಗ ತೋರುಬೆರಳು ಕುಯ್ದುಕೊಂಡು, ಗೀರಕ್ಕ ಆರು ವಾರ ನಡುಬೆರಳಿನಲ್ಲಿ ಕೆಲಸ ಸಾಗಿಸಿದ್ದರು. ಅಂದಿನಿಂದ ಈಳಿಗೆಮಣೆಯೂ ಯಜಮಾನರ ಕಡೆಗೆ ವರ್ಗವಾಗಿದೆ.

ಕೊರೆಯುವುದನ್ನು ಅವರಿಗೆ ಕಲಿಸಿದ್ದು ತಂದೆ. ತಂದೆಯದು ಬಹುಮಾನದ ಕಪ್ಪುಗಳ ಮೇಲೆ, ಬಾಗಿಲ ಫಲಕಗಳ ಮೇಲೆ ಹೆಸರು ಕೊರೆಯುವ ಪುಟ್ಟ ಅಂಗಡಿ. ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು, ಅಷ್ಟೇ ಜಾಗ. ಹತ್ತನೇ ವಯಸ್ಸಿಗೆ ಮಗಳು ಉಳಿ ಹಿಡಿದಳು. ಕಾಗದದ ಉಪಾಯವೂ ಅಲ್ಲಿಯದೇ. "ಕಪ್ಪಿಗೆ ಸುತ್ತಿ ಬಂದಿರ್ತಿತ್ತಲ್ಲ ಆ ತೆಳು ಕಾಗದ, ಕೊರೆದಾದ್ಮೇಲೆ ಅಪ್ಪ ಅದನ್ನ ಇಟ್ಟು ತಡವ್ತಾ ಇದ್ರು. ಬರಿ ಬೆರಳು ಸುಳ್ಳು ಹೇಳುತ್ತೆ ಮಗಾ, ಕಾಗದ ಹಾಕು ಅನ್ನೋರು. ಯಾಕೆ ಅಂತ ಅವರಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ."

ಕಂಪ್ಯೂಟರು ಹೆಸರು ಕೊರೆಯಲು ಕಲಿತ ಮೇಲೆ ಅಂಗಡಿ ಸೊರಗಿತು. ತಂದೆ ತೀರಿಕೊಂಡ ವರ್ಷವೇ ಬಾಗಿಲು ಹಾಕಿತು. ಮುಂದಿನ ಆರು ವರ್ಷ ಗೀರಕ್ಕ ಔಷಧಿ ಕಾರ್ಖಾನೆಯೊಂದರಲ್ಲಿ ನಿಂತೇ ಡಬ್ಬಿಗಳಿಗೆ ಚೀಟಿ ಅಂಟಿಸಿದರು. ಅಂಟು ತಾಗಿ ತಾಗಿ ಬೆರಳ ತುದಿ ತೊಗಲಿನ ಹಾಗಾಯಿತು. "ಬೆರಳು ಸತ್ತೇ ಹೋಯ್ತು ಅಂದ್ಕೊಂಡಿದ್ದೆ. ಒಂದಿನ ಮನೇಲಿ ಅಪ್ಪ ಕೊರೆದಿದ್ದ ಒಂದು ಫಲಕ ತಡವಿದೆ. ಬರೀ ತಣ್ಣಗಿದೆ ಅಷ್ಟೇ. ಏನೂ ಸಿಗ್ಲಿಲ್ಲ. ಅವತ್ತು ಅತ್ತಿದ್ದೆ ನೋಡಿ. ಅಂಗಡಿ ಮುಚ್ಚಿದಾಗ್ಲೂ ಅಷ್ಟು ಅತ್ತಿರ್ಲಿಲ್ಲ."

ಅವರನ್ನು ಹುಡುಕಿಕೊಂಡು ಬಂದವರು ಈ ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರು. ಯಂತ್ರದಲ್ಲಿ ಕೊರೆಸಿದ ಫಲಕಗಳ ಅಂಚು ಶಾಖಕ್ಕೆ ಕರಗಿ ಉಬ್ಬುತ್ತಿತ್ತು. ಕೈಯಲ್ಲಿ ಕೊರೆಯುವವರು ಯಾರಾದರೂ ಉಳಿದಿದ್ದಾರೆಯೇ ಎಂದು ವಿಚಾರಿಸುತ್ತಾ ಹಳೆಯ ಅಂಗಡಿಯ ಬೀದಿಗೆ ಹೋದರು. ಅಲ್ಲಿ ಈಗ ಫೋನ್ ರಿಪೇರಿಯವನಿದ್ದ. ಅವನು ಪಕ್ಕದ ಚಪ್ಪಲಿ ಅಂಗಡಿ ತೋರಿಸಿದ, ಚಪ್ಪಲಿ ಅಂಗಡಿಯವರು ಮನೆ ತೋರಿಸಿದರು. ಪ್ರೊಫೆಸರು ಜೇಬಿನಿಂದ ಎರಡು ಫಲಕ ತೆಗೆದು, ಯಾವುದು ಚೆನ್ನಾಗಿದೆ ಹೇಳಿ ಎಂದರು. ಕಾರ್ಖಾನೆಗೆ ಎರಡು ವಾರ ರಜೆಯಿದ್ದ ಕಾಲ ಅದು. ಅಂಟಿನ ತೊಗಲು ಸುಲಿದು ಹೊಸ ಚರ್ಮ ಬಂದಿತ್ತು. ಗೀರಕ್ಕ ಒಳಗೆ ಹೋಗಿ ತೆಳು ಕಾಗದ ಹುಡುಕಿ ತಂದರು.

"ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ," ಎಂದು ಪ್ರೊಫೆಸರು ನೆನೆಯುತ್ತಾರೆ. "ಕಾಗದದ ಆ ಪರಿಣಾಮವನ್ನು ನಾವು ಓದಿದ್ದೆವು, ಲೆಕ್ಕ ಹಾಕಿದ್ದೆವು. ಅದನ್ನು ಹೊಟ್ಟೆಪಾಡಿಗೆ ಬಳಸುವವರನ್ನು ನೋಡಿರಲಿಲ್ಲ." ಬರಿ ಬೆರಳು ಲೋಹದ ಮೇಲೆ ಸರಿಯುವಾಗ ಚರ್ಮ ಅಂಟಿ ಪಕ್ಕಕ್ಕೆ ಜಗ್ಗುತ್ತದೆ. ಆ ಜಗ್ಗಾಟದ ಗದ್ದಲದಲ್ಲಿ ಸಣ್ಣ ಉಬ್ಬುಗಳ ಸುದ್ದಿ ಮುಳುಗಿಹೋಗುತ್ತದೆ. ನಡುವೆ ಕಾಗದವಿದ್ದರೆ ಜಗ್ಗಾಟ ಕಾಗದದ ಪಾಲಿಗೆ, ಏರಿಳಿತ ಮಾತ್ರ ಬೆರಳಿನ ಪಾಲಿಗೆ. ವಿವರಣೆ ಕೇಳಿದಾಗ ಗೀರಕ್ಕನಿಗೆ ಮೊದಲು ಅನಿಸಿದ್ದು, ಇದನ್ನು ಅಪ್ಪ ಕೇಳಬೇಕಿತ್ತು ಎಂದು.

ಮೂರು ವರ್ಷದ ಹಿಂದೆ ಒಂದು ಸಂಗತಿ ನಡೆಯಿತು. ಅದನ್ನು ಹೇಳಲು ಗೀರಕ್ಕ ಮೊದಲು ಒಪ್ಪಲಿಲ್ಲ. "ನನ್ನ ತಪ್ಪನ್ನ ಪೇಪರಿನಲ್ಲಿ ಹಾಕ್ತೀರಾ?" ಎಂದು ಕೇಳಿದರು. ಆಮೇಲೆ ತಾವೇ, "ಹಾಕಿ ಬಿಡಿ, ಎಲ್ಲರಿಗೂ ಗೊತ್ತಿರೋದೇ," ಎಂದರು.

ಆಗ ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳು ವಯಸ್ಸಾದವರ ಸ್ಪರ್ಶದ ಬಗ್ಗೆ ಪ್ರಯೋಗ ನಡೆಸುತ್ತಿದ್ದಳು. ಬಂದವರು ಪರದೆಯಾಚೆ ಕೈ ಚಾಚಿ ಕೂರಬೇಕು. ಬೆರಳನ್ನು ತೊಟ್ಟಿಲಿನಂಥ ಒಂದು ಪುಟ್ಟ ಹಿಡಿಕೆಯಲ್ಲಿ ಅಲ್ಲಾಡದಂತೆ ಇಡುತ್ತಾರೆ. ಯಂತ್ರವು ಒಂದು ಮೊಟ್ಟೆಯ ಭಾರದಷ್ಟೇ ಒತ್ತಿ ಫಲಕವನ್ನು ಬೆರಳಡಿಯಲ್ಲಿ ಸರಿಸುತ್ತದೆ. ಎರಡು ಫಲಕಗಳಲ್ಲಿ ಯಾವುದರ ಗೀರು ಒತ್ತಾಗಿದೆ ಎಂದು ಹೇಳಬೇಕು. ಆರು ತಿಂಗಳಲ್ಲಿ ಅರವತ್ತೆರಡು ಜನ ಬಂದು ಹೋದರು. ಒಂದು ವಿಚಿತ್ರ ಕಂಡಿತು. ಒಂಬತ್ತನೇ ನಂಬರಿನ ಫಲಕ ಬಂದಾಗ ಎಪ್ಪತ್ತು ವರ್ಷದವರೂ ಇಪ್ಪತ್ತರವರಂತೆ ಸರಿಯಾದ ಉತ್ತರ ಹೇಳುತ್ತಿದ್ದರು. ಆ ಅಂತರದ ಗೀರಿಗೆ ಬೆರಳು ವಿಶೇಷವಾಗಿ ಚುರುಕು, ಅದು ವಯಸ್ಸಿಗೂ ಮಾಸುವುದಿಲ್ಲ ಎಂದು ಹುಡುಗಿ ಬರೆದಳು. ದೂರದ ಸಮ್ಮೇಳನವೊಂದರಲ್ಲಿ ಭಾಷಣಕ್ಕೆ ಕರೆ ಬಂತು. ಹೊರಡಲು ಇನ್ನು ಮೂರು ವಾರವಿತ್ತು.

ಒಂದು ಬೆಳಗ್ಗೆ ಗೀರಕ್ಕ ಆ ಫಲಕಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಎತ್ತಿಡುತ್ತಿದ್ದರು. ಒಂಬತ್ತನೆಯದು ಕೈಗೆ ಬಂದಾಗ ಸುಮ್ಮನೆ ಅಭ್ಯಾಸಬಲದಿಂದ ಕಾಗದ ಇಟ್ಟು ಬೆರಳಾಡಿಸಿದರು. ಮೂರನೇ ಗೀರಿನ ಅಂಚಿನಲ್ಲಿ ಬೆರಳು ತಡೆಯಿತು.

"ಇದನ್ನ ನಾನೇ ಪಾಸ್ ಮಾಡಿದ್ದು. ಹೇಗೆ ತಪ್ಪಿಸ್ಕೊಂಡ್ತೋ ದೇವ್ರೇ ಬಲ್ಲ. ಜನ ಗುರುತು ಹಿಡೀತಾ ಇದ್ದಿದ್ದು ಗೀರನ್ನಲ್ಲ, ಈ ಮುಳ್ಳನ್ನ. ಅವರಿಗೂ ಗೊತ್ತಿಲ್ದೆ."

ಮುಳ್ಳನ್ನು ತೀಡಿ ಹಾಕುವುದು ಒಂದು ನಿಮಿಷದ ಕೆಲಸ. ತೀಡುವ ಕಲ್ಲು ಮೇಜಿನ ಮೇಲೇ ಇತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಅರ್ಧ ಗಂಟೆ ಫಲಕವನ್ನು ಮುಂದಿಟ್ಟುಕೊಂಡು ಕೂತಿದ್ದೆ ಎನ್ನುತ್ತಾರೆ. "ಸುಳ್ಳು ಹೇಳಲ್ಲ. ಕಲ್ಲು ಕೈಗೆ ತಗೊಂಡಿದ್ದೆ. ಆ ಹುಡುಗಿ ಟಿಕೆಟ್ ಮಾಡಿಸಿದ್ಲು, ಹೊಸ ಬಟ್ಟೆ ಹೊಲಿಸಿದ್ಲು, ನನಗೇ ತೋರಿಸಿದ್ಲು. ನನ್ನ ಕೆಲಸ ಹೋಗುತ್ತೆ ಅನ್ನೋದು ಒಂದು ಕಡೆ. ಇವಳ ಮುಖ ಹೇಗೆ ನೋಡ್ಲಿ ಅನ್ನೋದು ಇನ್ನೊಂದು ಕಡೆ. ಆಮೇಲೆ ಅನ್ನಿಸ್ತು, ಅಲ್ಲಿ ಹೋಗಿ ಸಾವಿರ ಜನರ ಮುಂದೆ ಇವಳು ಹೇಳೋದು ನನ್ನ ಮುಳ್ಳಿನ ಕತೆಯಲ್ವಾ? ಬೇರೆಯವರು ಯಾರೋ ಮಾಡಿ ನೋಡಿ, ಇಲ್ಲ ಅಂದ್ರೆ? ಕಲ್ಲು ಕೆಳಗಿಟ್ಟೆ."

ಫಲಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕಾದರು. ಎಂಟೂವರೆಗೆ ಹುಡುಗಿ ಬಂದಳು.

"ಏನ್ ಗೀರಕ್ಕ, ಇಲ್ಲಿ ಕೂತಿದೀರಾ? ಹುಷಾರಿಲ್ವಾ?"

"ಹುಷಾರಾಗಿದೀನಮ್ಮಾ. ಒಂಬತ್ತನೇ ಫಲಕದಲ್ಲಿ ಮುಳ್ಳಿದೆ. ನಾನು ಬಿಟ್ಟಿದ್ದು."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೈತೊಳೆಯುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ನಾಲ್ಕು ದಿನ ಇಬ್ಬರ ನಡುವೆ ಮಾತಿರಲಿಲ್ಲ.

ಗೀರಕ್ಕ ಪ್ರೊಫೆಸರ ಬಳಿ ಹೋಗಿ ರಾಜೀನಾಮೆಯ ಪತ್ರ ಮುಂದಿಟ್ಟರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ರಾಜೀನಾಮೆ ಆಮೇಲೆ ನೋಡೋಣ. ಮೊದಲು ಹೊಸ ಒಂಬತ್ತನೆಯದು ಕೊರೆದು ಕೊಡಿ," ಎಂದರು. ಹೊಸ ಫಲಕ ಬಂತು. ಕರೆದಾಗ ಬರಲು ಒಪ್ಪಿದ ಇಪ್ಪತ್ತು ಜನರಲ್ಲಿ ಮತ್ತೆ ಪರೀಕ್ಷೆ ನಡೆಯಿತು. ವಯಸ್ಸಾದವರ ಚುರುಕು ಮಾಯ. ಆರು ತಿಂಗಳ ಕೆಲಸ, ಭಾಷಣ, ಟಿಕೆಟ್ ಎಲ್ಲ ನೀರಿನಲ್ಲಿ ಹೋಯಿತು.

ಐದನೇ ದಿನವೋ ಆರನೇ ದಿನವೋ ಹುಡುಗಿ ತಾನೇ ಬೆಳಗ್ಗೆ ಆರಕ್ಕೆ ನೆಲಮಾಳಿಗೆಗೆ ಇಳಿದು ಬಂದಳು. ಕಣ್ಣು ಊದಿಕೊಂಡಿತ್ತು. ಹಳೆಯ ಫಲಕವನ್ನು ಮೇಜಿನ ಮೇಲಿಟ್ಟಳು.

"ಗೀರಕ್ಕ, ಈ ಮುಳ್ಳು ಇಷ್ಟು ಸಣ್ಣದು. ಎಪ್ಪತ್ತು ವರ್ಷದವರ ಬೆರಳಿಗೆ ಇದು ಹೇಗೆ ಸಿಕ್ತು?"

"ನನ್ನನ್ನ ಕೇಳಿದ್ರೆ?"

"ಸಿಗಬಾರದಿತ್ತು. ನಮ್ಮ ಲೆಕ್ಕದಲ್ಲಿ ಸಿಗೋದೇ ಇಲ್ಲ. ನೀವು ಇಂಥವೇ ಇನ್ನೂ ಮಾಡಿಕೊಡ್ತೀರಾ? ಇದಕ್ಕಿಂತ ಸಣ್ಣವು, ದೊಡ್ಡವು. ಬೇಕಂತಲೇ?"

ಇದನ್ನು ಹೇಳುವಾಗ ಗೀರಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. "ಎಂಟು ವರ್ಷ ಮುಳ್ಳು ಇರ್ಬಾರದು ಅಂತ ಒದ್ದಾಡಿದೀನಿ. ಈಗ ಮುಳ್ಳು ಮಾಡಿಕೊಡು ಅಂತಾಳೆ! ಬೇಡ ಅಂದಾಗ ತಾನಾಗೇ ಬರುತ್ತೆ, ಮಾಡೋಣ ಅಂತ ಕೂತ್ರೆ ಬರಲ್ಲ ಅದು. ಮೊದಲನೇದು ಸರಿಯಾಗೋಕೆ ಹದಿನೇಳು ದಿನ ಹಿಡೀತು."

ಕೊನೆಗೆ ಮೂವತ್ತು ಫಲಕವಾಯಿತು, ಪ್ರತಿಯೊಂದರಲ್ಲೂ ಅಳೆದು ಎಬ್ಬಿಸಿದ ಒಂದೇ ಒಂದು ಮುಳ್ಳು. ಹುಡುಗಿ ಕಂಡುಕೊಂಡಿದ್ದು ಇಷ್ಟು: ಬೆರಳು ಸರಿಯುವಾಗ ಚರ್ಮದ ರೇಖೆಗಳು ಒಂದೊಂದಾಗಿ ಆ ಮುಳ್ಳಿಗೆ ತಗುಲಿ ಬಿಡುತ್ತವೆ, ಒಂದೇ ಮುಳ್ಳು ಹಲವು ಬಾರಿ ಬಾಗಿಲು ತಟ್ಟಿದಂತಾಗುತ್ತದೆ. ವಯಸ್ಸಾಗಿ ಚರ್ಮ ಸಡಿಲವಾದರೂ ಆ ತಟ್ಟುವಿಕೆ ನರಕ್ಕೆ ಮುಟ್ಟುತ್ತಲೇ ಇರುತ್ತದೆ. ಮರುವರ್ಷ ಅದೇ ಸಮ್ಮೇಳನಕ್ಕೆ ಹೋಗಿ ಬಂದಳು. ಪದವಿಯೂ ಆಯಿತು. ಈಗ ಬೇರೆ ಊರಿನಲ್ಲಿ ಪಾಠ ಹೇಳುತ್ತಾಳೆ. ವಾರಕ್ಕೊಮ್ಮೆ ಫೋನು ಬರುತ್ತದೆ, ಹೆಚ್ಚಿನ ಮಾತು ಅಡುಗೆಯ ಬಗ್ಗೆ.

ರಾಜೀನಾಮೆಯ ಪತ್ರ? "ಪ್ರೊಫೆಸರ್ ಟೇಬಲ್ಲಿನ ಖಾನೇಲಿ ಇನ್ನೂ ಇದೆಯಂತೆ. ಜಾಸ್ತಿ ಮಾತಾಡಿದ್ರೆ ತೆಗೆದು ತೋರಿಸ್ತಾರೆ."

ಬಲ ಭುಜ ಈಗೀಗ ನೋಯುತ್ತದೆ. ಹತ್ತಿರದ ಕೆಲಸಕ್ಕೆ ಕನ್ನಡಕ ಎರಡು ಸಲ ಬದಲಾಗಿದೆ. ಆದರೂ ಆಡಳಿತದವರಲ್ಲಿ ಗೀರಕ್ಕನ ಬೇಡಿಕೆ ಒಂದೇ. "ಲಿಫ್ಟನ್ನ ಏಳರ ಬದಲು ಏಳೂವರೆಗೆ ಶುರು ಮಾಡಿ ಅಂತ ನಾಲ್ಕು ವರ್ಷದಿಂದ ಅರ್ಜಿ ಕೊಡ್ತಿದೀನಿ. ಅರ್ಧ ಗಂಟೆ ಮೆಟ್ಟಿಲು ಹತ್ತಿದ್ರೆ ಯಾರಿಗೆ ಏನಾಗುತ್ತೆ ಹೇಳಿ? ನನಗೆ ಆ ಅರ್ಧ ಗಂಟೆ ಸಿಕ್ಕಿದ್ರೆ ಸಾಕು, ಇನ್ನೇನೂ ಬೇಡ."

ಹನ್ನೊಂದು ಗಂಟೆಗೆ ಪಕ್ಕದ ಕೋಣೆಯಿಂದ ಕರೆ ಬರುತ್ತದೆ. ಗೀರಕ್ಕ ಹೊಸ ಫಲಕವೊಂದನ್ನು ಬಟ್ಟೆಯಲ್ಲಿಟ್ಟು ಎತ್ತಿಕೊಳ್ಳುತ್ತಾರೆ. ನಾನೂ ಹಿಂದೆ ಹೋಗುತ್ತೇನೆ. ಒರಗು ಕುರ್ಚಿಯಲ್ಲಿ ನಲವತ್ತು ದಾಟಿದ ಬಡಗಿಯೊಬ್ಬರು ಮಲಗಿದ್ದಾರೆ. ಎರಡು ವರ್ಷದ ಹಿಂದೆ ಗರಗಸ ಜಾರಿ ಬಲಗೈ ಮಣಿಕಟ್ಟಿನ ನರ ತುಂಡಾಗಿತ್ತು. ಶಸ್ತ್ರವೈದ್ಯರು ಹೊಲಿದು ಕೂಡಿಸಿದ್ದರು. ಕೂಡಿಸಿದ ನರ ಬೆರಳ ತುದಿಯ ಕಡೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರಿನಷ್ಟು ಬೆಳೆಯುತ್ತದೆ. ತುದಿ ಮುಟ್ಟಿತೋ ಇಲ್ಲವೋ, ಅದೇ ಇವತ್ತಿನ ಪ್ರಶ್ನೆ.

"ಮೊಳೆ ಹಿಡ್ಕೊಂಡಿರ್ತೀನಿ, ಯಾವಾಗ ಬಿತ್ತು ಅಂತ್ಲೇ ಗೊತ್ತಾಗಲ್ಲ," ಎನ್ನುತ್ತಾರೆ ಬಡಗಿ ಚಾವಣಿ ನೋಡುತ್ತಾ. "ಉಳಿ ಹಿಡಿಯೋದು ದೂರದ ಮಾತಾಯ್ತು."

ವೈದ್ಯೆಯೊಬ್ಬರು ತೋಳಿನ ಒಳಬದಿಯಲ್ಲಿ ಕೂದಲಿನಂಥ ಸೂಜಿಯನ್ನು ನರದೊಳಕ್ಕೆ ಇಳಿಸುತ್ತಾರೆ. ಸೂಜಿಗೆ ತಂತಿ, ತಂತಿಗೆ ಧ್ವನಿಪೆಟ್ಟಿಗೆ. ಅದರಿಂದ ನಲ್ಲಿ ಬಿಟ್ಟಂಥ ಸೊರಸೊರ ಸದ್ದು. ಐವತ್ತು ನಿಮಿಷ ಅದೇ ಸದ್ದು. ವೈದ್ಯೆ ಸೂಜಿಯನ್ನು ಎಳ್ಳಷ್ಟು ಸರಿಸುವುದು, ಬೆರಳ ತುದಿಯನ್ನು ಕುಂಚದಿಂದ ಸವರುವುದು, ತಲೆಯಾಡಿಸುವುದು, ಮತ್ತೆ ಸರಿಸುವುದು. ಯಾರೂ ಕೆಮ್ಮುವುದೂ ಇಲ್ಲ.

ಆಮೇಲೆ ಕುಂಚ ತಾಗಿದಾಗ ಒಮ್ಮೆ ಸದ್ದು ಚಿಟಪಟ ಎನ್ನುತ್ತದೆ. ವೈದ್ಯೆ ಕೈಯೆತ್ತಿ ಸನ್ನೆ ಮಾಡುತ್ತಾರೆ. ಯಂತ್ರ ಗೀರಕ್ಕನ ಫಲಕವನ್ನು ಬಡಗಿಯ ತೋರುಬೆರಳ ಕೆಳಗೆ ಮೆಲ್ಲಗೆ ಸರಿಸತೊಡಗುತ್ತದೆ. ಅದರಲ್ಲಿರುವುದು ಹನ್ನೆರಡೇ ಗೀರು, ದೂರ ದೂರ.

ಚರ್ರ್. ಸ್ವಲ್ಪ ಹೊತ್ತು ಏನಿಲ್ಲ. ಚರ್ರ್. ಮತ್ತೆ ಏನಿಲ್ಲ. ಚರ್ರ್.

ಬಾಗಿಲ ಬಳಿ ನಿಂತ ಗೀರಕ್ಕ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಎಣಿಸುತ್ತಿದ್ದಾರೆ. ತೋರುಬೆರಳು ಮುಗಿಯಿತು, ನಡುಬೆರಳು ಮುಗಿಯಿತು, ಉಂಗುರಬೆರಳು. ಕಿರುಬೆರಳಿನ ಕೊನೆಯ ಗೆಣ್ಣಿನ ಮೇಲೆ ಹೆಬ್ಬೆರಳು ನಿಲ್ಲುವುದಕ್ಕೂ ಯಂತ್ರ ನಿಲ್ಲುವುದಕ್ಕೂ ಸರಿಹೋಗುತ್ತದೆ.

"ಹನ್ನೆರಡೂ ಬಂತು," ಎಂದು ಪಿಸುಗುಟ್ಟುತ್ತಾರೆ.

"ಏನೋ ಒಂದೊಂದೇ ತಟ್ಟಿದ ಹಾಗಾಯ್ತು ಡಾಕ್ಟ್ರೇ," ಎನ್ನುತ್ತಾರೆ ಬಡಗಿ. "ನನ್ನ ಬೆರಳೇನಾ ಅದು, ಸದ್ದು ಮಾಡಿದ್ದು?"

"ನಿಮ್ಮದೇ. ನರ ತುದಿ ಮುಟ್ಟಿದೆ. ಇನ್ನು ಅದಕ್ಕೆ ಕಲಿಸಬೇಕು. ಒಂದು ವರ್ಷ ಅಭ್ಯಾಸ ಮಾಡಿ, ಉಳಿ ಹಿಡೀತೀರಿ."

ಸೂಜಿ ತೆಗೆದ ಮೇಲೆ ಬಡಗಿ ಎದ್ದು ಕೂರುತ್ತಾರೆ. ಯಾರೋ ನೀರು ಕೊಡುತ್ತಾರೆ. ಅವರು ನೀರು ಪಕ್ಕಕ್ಕಿಟ್ಟು ಯಂತ್ರದಿಂದ ಕಳಚಿಟ್ಟ ಫಲಕವನ್ನು ಎಡಗೈಯಲ್ಲಿ ಎತ್ತಿಕೊಂಡು, ದೀಪದ ಬೆಳಕಿಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ಗೀರುಗಳ ಉದ್ದಕ್ಕೂ ನೋಡುತ್ತಾರೆ. ಹೆಬ್ಬೆರಳಿನಿಂದ ಅಂಚು ಸವರುತ್ತಾರೆ.

"ಇದು ಮೆಷಿನ್ ಕೆಲಸ ಅಲ್ಲ," ಎನ್ನುತ್ತಾರೆ ಯಾರನ್ನೂ ನೋಡದೆ. "ಯಾರದ್ದೋ ಒಳ್ಳೇ ಕೈ."

ವೈದ್ಯೆ ಗೀರಕ್ಕನ ಕಡೆ ತಿರುಗುವಷ್ಟರಲ್ಲಿ ಅವರು ಹೊರಗೆ ನಡೆದಾಗಿದೆ. ಅವರನ್ನು ಹಿಡಿಯಲು ನಾನು ಹೆಜ್ಜೆ ಚುರುಕುಗೊಳಿಸಬೇಕಾಗುತ್ತದೆ. ಮುಖ ಕೆಂಪಾಗಿದೆ. ತಮ್ಮ ಮೇಜಿಗೆ ಬಂದು ಕೂತು, ನಾಳೆಯ ಹಿತ್ತಾಳೆಯನ್ನು ಮೇಜಿನ ಇಕ್ಕಳಕ್ಕೆ ಬಿಗಿಯುತ್ತಾ, ನನ್ನ ಕಡೆ ನೋಡದೆಯೇ ಹೇಳುತ್ತಾರೆ:

"ಬಡಗಿಗಳು ಸುಮ್ಸುಮ್ನೆ ಯಾರ ಕೆಲಸಾನೂ ಹೊಗಳಲ್ಲ. ಗೊತ್ತಲ್ವಾ ನಿಮಗೆ?"